ಪ್ರಶ್ನೆಯೊಡನೆ ಬೆಳೆದ ಶಿಕ್ಷಕರು
(ಹಳ್ಳಿಯ ಶಾಲೆಯ ವಿಜ್ಞಾನ ಬೋಧನೆಯನ್ನು ಕುರಿತ ಉಪನ್ಯಾಸದ ಬರಹರೂಪ)



ಹಳ್ಳಿಯ ಶಾಲೆಯ ವಿಜ್ಞಾನ ಶಿಕ್ಷಕರ ಬೆಳವಣಿಗೆಯನ್ನು ಅವರು ಪಡೆದ ತರಬೇತಿಗಳ ಸಂಖ್ಯೆಯಿಂದ, ಗಳಿಸಿದ ಪದವಿಯಿಂದ, ಕಡೆಗೆ ದೊರೆತ ಬಡ್ತಿಯಿಂದ ಅಳೆಯುವುದು ರೂಢಿ. ತರಗತಿಯಲ್ಲಿ ಮಕ್ಕಳು ಎಂತಹ ಪ್ರಶ್ನೆಗಳನ್ನು ಕೇಳಿದರು, ಆ ಪ್ರಶ್ನೆಗಳನ್ನು ಶಿಕ್ಷಕರು ಹೇಗೆ ಎದುರಿಸಿದರು ಎಂಬುದರಿಂದಲೂ ಅದನ್ನು ಅಳೆಯಬಹುದೆಂಬ ವಿಚಾರ ಇಲಾಖೆಯ ಕಡತಗಳಲ್ಲಿ ಸುಳಿಯುವುದು ಅಪರೂಪ. ಮಧ್ಯಪ್ರದೇಶದ ಒಂದು ಜಿಲ್ಲೆಯಲ್ಲಿ 1972ರಿಂದ 2002ರವರೆಗೆ, ಮೂವತ್ತು ವರ್ಷಗಳ ಕಾಲ, ಈ ಎರಡನೆಯ ಅಳತೆಗೋಲು ಸರ್ಕಾರಿ ಶಾಲೆಗಳಲ್ಲಿಯೇ ಬಳಕೆಯಲ್ಲಿತ್ತು. ಆ ಜಿಲ್ಲೆಯ ಹೆಸರು ಹೋಶಂಗಾಬಾದ್. 2022ರಲ್ಲಿ ಅದಕ್ಕೆ ನರ್ಮದಾಪುರಂ ಎಂಬ ಹೊಸ ಹೆಸರು ಬಂದಿದೆ. ಅಲ್ಲಿನ ಶಿಕ್ಷಕರು ಏನು ಮಾಡಿದರು, ಹೇಗೆ ಬೆಳೆದರು, ಅವರ ಕೆಲಸ ಏಕೆ ನಿಂತುಹೋಯಿತು, ಅದರಿಂದ ಮಲೆನಾಡಿನ ಒಂದು ಶಾಲೆ ಕಲಿಯಬಹುದಾದುದು ಏನು ಎಂಬುದೇ ಈ ಉಪನ್ಯಾಸದ ವಿಷಯ.

ನೆಲ ಮತ್ತು ಜನ

ಹೋಶಂಗಾಬಾದ್ ಜಿಲ್ಲೆಯ ಉತ್ತರಕ್ಕೆ ನರ್ಮದಾ ನದಿ, ದಕ್ಷಿಣಕ್ಕೆ ಸಾತ್ಪುಡಾ ಬೆಟ್ಟಗಳು. ನದಿಯ ಮಗ್ಗುಲಲ್ಲಿ ಆಳವಾದ ಕಪ್ಪು ಮಣ್ಣಿನ ಬಯಲು, ಬೆಟ್ಟದ ಕಡೆಗೆ ತೇಗ, ಸಾಲ ವೃಕ್ಷಗಳ ಕಾಡು. ಕಾಡಿನ ಹಳ್ಳಿಗಳಲ್ಲಿ ಗೊಂಡರು, ಕೊರ್ಕು ಜನರು ವಾಸಿಸುತ್ತಾರೆ. 1970ರ ದಶಕದಲ್ಲಿ ತವಾ ನದಿಯ ಅಣೆಕಟ್ಟಿನಿಂದ ಕಾಲುವೆಯ ನೀರು ಹರಿಯತೊಡಗಿದಾಗ, ನೀರನ್ನು ಸುಲಭವಾಗಿ ಬಸಿಯದ ಆ ಕಪ್ಪು ಮಣ್ಣು ಅನೇಕ ಕಡೆ ಜೌಗಾಯಿತು. ಬೆಳೆ ಕೊಳೆಯಿತು. ರೈತರು ‘ಮಿಟ್ಟೀ ಬಚಾವೋ’ ಎಂಬ ಹೆಸರಿನಲ್ಲಿ, ಅಂದರೆ ‘ಮಣ್ಣನ್ನು ಉಳಿಸಿ’ ಎಂದು, ಚಳವಳಿಯನ್ನೇ ಹೂಡಬೇಕಾಯಿತು. ಮಣ್ಣಿನ ಗುಣವನ್ನು ಅರಿಯದೆ ನೀರು ಹಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ ಬಯಲು ಸಾಕ್ಷಿಯಾಗಿ ನಿಂತಿತು. ಅಲ್ಲಿನ ಶಾಲೆಗಳ ವಿಜ್ಞಾನ ಪಾಠವಾದರೋ ಆ ಮಣ್ಣನ್ನು ಮುಟ್ಟದೆಯೇ ನಡೆಯುತ್ತಿತ್ತು.

ಅದೇ ಜಿಲ್ಲೆಯಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಕೆಲಸ ಮಾಡುತ್ತಿದ್ದವು. ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಒಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಉದ್ಯೋಗವನ್ನು ತೊರೆದು ಬಂದ ಜೀವವಿಜ್ಞಾನಿ ಅನಿಲ್ ಸದ್ಗೋಪಾಲ್ ಅವರು ಗೆಳೆಯರೊಡನೆ ಕಟ್ಟಿದ ಕಿಶೋರ್ ಭಾರತಿ ಇನ್ನೊಂದು. ಈ ಎರಡು ಸಂಸ್ಥೆಗಳು ರಾಜ್ಯ ಸರ್ಕಾರದ ಅನುಮತಿ ಪಡೆದು 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಬಗೆಯ ವಿಜ್ಞಾನ ಬೋಧನೆಯನ್ನು ಆರಂಭಿಸಿದವು. ಮಾಧ್ಯಮಿಕ ಶಾಲೆಯೆಂದರೆ ಅಲ್ಲಿ 6, 7 ಮತ್ತು 8ನೆಯ ತರಗತಿಗಳು. ಮುಂಬಯಿಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ರಜೆಯ ದಿನಗಳಲ್ಲಿ ಬಂದು ಹಳ್ಳಿಯ ಶಿಕ್ಷಕರೊಡನೆ ಕುಳಿತರು. 1978ರಲ್ಲಿ ಕಾರ್ಯಕ್ರಮವು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ವ್ಯಾಪಿಸಿತು. 1982ರಲ್ಲಿ ಇದನ್ನು ಮುಂದುವರಿಸಲೆಂದೇ ‘ಏಕಲವ್ಯ’ ಎಂಬ ಸಂಸ್ಥೆ ಹುಟ್ಟಿತು. ಕಡೆಯ ವರ್ಷಗಳ ಹೊತ್ತಿಗೆ ಸುಮಾರು 15 ಜಿಲ್ಲೆಗಳ 1,000ದಷ್ಟು ಶಾಲೆಗಳು, ಒಂದು ಲಕ್ಷದಷ್ಟು ಮಕ್ಕಳು ಈ ಕಾರ್ಯಕ್ರಮದ ವ್ಯಾಪ್ತಿಯಲ್ಲಿದ್ದರು.

ಉತ್ತರವಿಲ್ಲದ ಪಠ್ಯಪುಸ್ತಕ

ಮೊದಲಿನ ತರಗತಿಯಲ್ಲಿ ನಡೆಯುತ್ತಿದ್ದುದು ಈಗಲೂ ಅನೇಕ ಶಾಲೆಗಳಲ್ಲಿ ನಡೆಯುವುದೇ. ಶಿಕ್ಷಕರು ಪಾಠವನ್ನು ಓದುತ್ತಾರೆ, ಪ್ರಯೋಗದ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಪ್ರಶ್ನೋತ್ತರಗಳನ್ನು ಹೇಳಿ ಬರೆಸುತ್ತಾರೆ. ಆಮ್ಲಜನಕದ ಗುಣಗಳನ್ನು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ.

ಹೋಶಂಗಾಬಾದಿನ ಹೊಸ ಪುಸ್ತಕದ ಹೆಸರು ‘ಬಾಲ್ ವೈಜ್ಞಾನಿಕ್’, ಅಂದರೆ ಬಾಲ ವಿಜ್ಞಾನಿ. ಅದರಲ್ಲಿ ಸೂಚನೆಗಳಿದ್ದವು, ಪ್ರಶ್ನೆಗಳಿದ್ದವು, ಉತ್ತರಗಳು ಇರಲಿಲ್ಲ. ನಾಲ್ಕು ನಾಲ್ಕು ಮಕ್ಕಳ ಗುಂಪುಗಳು ತಾವೇ ಪ್ರಯೋಗ ಮಾಡಿ, ಕಂಡುದನ್ನು ತಮ್ಮ ಮಾತಿನಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಅನಂತರ ಇಡೀ ತರಗತಿ ಕೂಡಿ ಚರ್ಚಿಸಬೇಕು. ಹೀಗೆ ವರ್ಷದ ಕೊನೆಗೆ ಪ್ರತಿ ಮಗುವಿನ ಬಳಿಯೂ ತಾನೇ ಬರೆದ ಒಂದು ವಿಜ್ಞಾನ ಪುಸ್ತಕ ಇರುತ್ತಿತ್ತು. ಎಲೆಗಳನ್ನು ಗುಂಪು ಮಾಡುವುದು, ಹೂವನ್ನು ಬಿಡಿಸಿ ನೋಡುವುದು, ಮಣ್ಣು ಮತ್ತು ಕಲ್ಲುಗಳನ್ನು ಪರೀಕ್ಷಿಸುವುದು, ಬೆಳೆಯ ಕೀಟಗಳನ್ನು ಹೊಲಕ್ಕೇ ಹೋಗಿ ಗುರುತಿಸುವುದು ಇವೆಲ್ಲವೂ ಪಾಠಗಳಾಗಿದ್ದವು. ಪರಿಭ್ರಮಣ, ಅಂದರೆ ಊರ ಸುತ್ತಲಿನ ತಿರುಗಾಟ, ಪಠ್ಯದ ಭಾಗವೇ ಆಗಿತ್ತು.

ಪ್ರತಿ ಶಾಲೆಗೂ ಸರಳ ಉಪಕರಣಗಳ ಪೆಟ್ಟಿಗೆ ದೊರೆಯುತ್ತಿತ್ತು. ಪೆಟ್ಟಿಗೆಯಲ್ಲಿ ಇಲ್ಲದುದನ್ನು ಊರಿನಲ್ಲಿ ಹುಡುಕಿಕೊಳ್ಳುತ್ತಿದ್ದರು. ಹೂವನ್ನು ಬಿಡಿಸಲು ಸೂಜಿಗೆ ಬದಲಾಗಿ ಜಾಲಿಮುಳ್ಳು ಬಂದಿತು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡರಿಸಿ ಬೆಂಕಿಕಡ್ಡಿಗಳನ್ನು ಜೋಡಿಸಿ ತ್ರಿಕೋನ, ಘನ, ಮನೆಯ ಚೌಕಟ್ಟುಗಳನ್ನು ಕಟ್ಟುವ ಆಟಿಕೆ ಈ ಕಾರ್ಯಕ್ರಮದ ಸಂಪರ್ಕದಿಂದಲೇ ರೂಪುಗೊಂಡದ್ದು. ಅದನ್ನು ರೂಪಿಸಿದ ಎಂಜಿನಿಯರ್ ಅರವಿಂದ ಗುಪ್ತ ಅವರು 1978ರಲ್ಲಿ ಕಾರ್ಖಾನೆಯ ಉದ್ಯೋಗದಿಂದ ರಜೆ ಪಡೆದು ಅಲ್ಲಿಗೆ ಬಂದಿದ್ದರು. ಮುಂದೆ ಕಸದಿಂದ ವಿಜ್ಞಾನದ ಆಟಿಕೆ ಮಾಡುವುದೇ ಅವರ ಜೀವನದ ಕೆಲಸವಾಯಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಆದರೆ ಉಪಕರಣ ಅಗ್ಗವಾದ ಮಾತ್ರಕ್ಕೆ ಬೋಧನೆ ಬದಲಾಗುವುದಿಲ್ಲ. ನಿಜವಾದ ಕಷ್ಟ ಇದ್ದುದು ಶಿಕ್ಷಕರಿಗೆ. ಒಂದು ಮೇಜಿನ ಉದ್ದವನ್ನು ಹತ್ತು ಮಕ್ಕಳು ಅಳೆದರೆ ಹತ್ತೂ ಅಳತೆಗಳು ಒಂದೇ ಆಗಿರುವುದಿಲ್ಲ. ಹಿಂದಿನ ಪದ್ಧತಿಯಲ್ಲಿ ಶಿಕ್ಷಕರು ‘ಸರಿಯಾದ’ ಅಳತೆಯನ್ನು ಹೇಳಿ ಉಳಿದವನ್ನು ಒರೆಸಿಬಿಡುತ್ತಿದ್ದರು. ಹೊಸ ಪದ್ಧತಿಯಲ್ಲಿ ಹತ್ತೂ ಅಂಕಿಗಳನ್ನು ಹಲಗೆಯ ಮೇಲೆ ಉಳಿಸಬೇಕು. ಅವು ಏಕೆ ಬೇರೆಯಾದವು, ಎಷ್ಟು ಬೇರೆಯಾದವು, ಸರಾಸರಿ ಎಂದರೇನು ಎಂದು ಮಕ್ಕಳೊಡನೆ ವಿಚಾರ ಮಾಡಬೇಕು. ಪುಸ್ತಕದಲ್ಲಿ ಸಂಭಾವ್ಯತೆಯ ಕುರಿತು ಒಂದು ಪಾಠವೇ ಇತ್ತು. ಮಕ್ಕಳು ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಿ, ಬಂದುದನ್ನು ಪಟ್ಟಿ ಮಾಡಿ, ಎಣಿಕೆ ಹೆಚ್ಚಿದಂತೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಮಳೆ, ರೋಗ, ಫಸಲು ಇವುಗಳ ಅಂಕಿಅಂಶಗಳನ್ನು ಮುಂದೆ ಓದಬೇಕಾದ ರೈತರ ಮಕ್ಕಳಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಬೇರೆ ಇರಲಾರದು.

‘ಇದರ ಉತ್ತರ ನನಗೂ ತಿಳಿಯದು, ಹುಡುಕೋಣ’ ಎಂದು ತರಗತಿಯ ಎದುರು ಹೇಳುವುದು ಶಿಕ್ಷಕರಿಗೆ ಸುಲಭವಲ್ಲ. ಮೇಷ್ಟರಿಗೆ ಎಲ್ಲವೂ ತಿಳಿದಿರುತ್ತದೆ ಎಂಬ ನಂಬಿಕೆಯ ಮೇಲೆ ಹಳ್ಳಿಯಲ್ಲಿ ಅವರ ಗೌರವ ನಿಂತಿರುತ್ತದೆ. ಹಾಗೆ ಹೇಳುವ ಧೈರ್ಯ ಒಬ್ಬೊಬ್ಬರಾಗಿ ಬರುವಂತಹುದಲ್ಲ. ಹೋಶಂಗಾಬಾದಿನಲ್ಲಿ ಅದು ಬಂದುದು ಕೂಟದ ಬಲದಿಂದ.

ಶಿಕ್ಷಕರನ್ನು ಬೆಳೆಸಿದ ವ್ಯವಸ್ಥೆ

ಆ ವ್ಯವಸ್ಥೆಯ ಅಂಗಗಳನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಮೊದಲನೆಯದು ಬೇಸಗೆಯ ತರಬೇತಿ. ಒಂದೊಂದು ತರಗತಿಯ ಪಠ್ಯಕ್ಕೆ ಮೂರು ವಾರಗಳಂತೆ ಮೂರು ಬೇಸಗೆಗಳಲ್ಲಿ ಇದು ನಡೆಯುತ್ತಿತ್ತು. ಅಲ್ಲಿ ಉಪನ್ಯಾಸಗಳು ಕಡಿಮೆ. ಶಿಕ್ಷಕರು ಸ್ವತಃ ನಾಲ್ವರ ಗುಂಪುಗಳಲ್ಲಿ ಕುಳಿತು, ಮಕ್ಕಳು ಮಾಡಬೇಕಾದ ಪ್ರತಿಯೊಂದು ಪ್ರಯೋಗವನ್ನೂ ಮಾಡುತ್ತಿದ್ದರು, ತಪ್ಪುತ್ತಿದ್ದರು, ವಾದಿಸುತ್ತಿದ್ದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಅದೇ ನೆಲದ ಮೇಲೆ ಅವರೊಡನೆ ಕುಳಿತು ವಾದದಲ್ಲಿ ಸೇರುತ್ತಿದ್ದರು.

ಎರಡನೆಯದು ಮಾಸಿಕ ಗೋಷ್ಠಿ. ಸುತ್ತಲಿನ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಒಂದು ಕೇಂದ್ರದಲ್ಲಿ ಸೇರಿ, ಯಾವ ಪ್ರಯೋಗ ನಡೆಯಿತು, ಯಾವುದು ಕೆಟ್ಟಿತು, ಮಕ್ಕಳು ಏನು ಕೇಳಿದರು ಎಂದು ಮಾತನಾಡುತ್ತಿದ್ದರು. ಶಾಲೆಯಲ್ಲಿ ಒಬ್ಬರೇ ವಿಜ್ಞಾನ ಶಿಕ್ಷಕರಿರುವಾಗ ಅವರ ಸಂದೇಹಕ್ಕೆ ಜೊತೆಗಾರರಿರುವುದಿಲ್ಲ. ಗೋಷ್ಠಿ ಆ ಒಂಟಿತನವನ್ನು ಕಳೆಯಿತು.

ಮೂರನೆಯದು ಶಾಲಾ ಭೇಟಿ. ಅನುಭವಿಗಳು ಶಾಲೆಗೆ ಬಂದು ತರಗತಿಯಲ್ಲಿ ಕುಳಿತು ನೆರವಾಗುತ್ತಿದ್ದರು. ತಪ್ಪು ಹುಡುಕಿ ವರದಿ ಬರೆಯುವುದು ಅದರ ಉದ್ದೇಶವಾಗಿರಲಿಲ್ಲ.

ನಾಲ್ಕನೆಯದು ಪರೀಕ್ಷೆಯ ಸುಧಾರಣೆ. ಪುಸ್ತಕ ಮತ್ತು ತಮ್ಮ ಟಿಪ್ಪಣಿಗಳನ್ನು ನೋಡಿಕೊಂಡೇ ಮಕ್ಕಳು ಉತ್ತರ ಬರೆಯಬಹುದಾಗಿತ್ತು. ಜೊತೆಗೆ ಕೈಯಾರೆ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಪುಸ್ತಕದಲ್ಲಿ ನೇರವಾಗಿ ಸಿಗದ, ಯೋಚಿಸಿಯೇ ಉತ್ತರಿಸಬೇಕಾದ ಪ್ರಶ್ನೆಗಳನ್ನು ರಚಿಸುವುದು ಶಿಕ್ಷಕರಿಗೆ ಒಂದು ದೊಡ್ಡ ವಿದ್ಯೆಯಾಯಿತು. ಪರೀಕ್ಷೆ ಹಳೆಯದೇ ಆಗಿ ಉಳಿದರೆ ಬೋಧನೆ ಎಷ್ಟೇ ಹೊಸದಾದರೂ ಡಿಸೆಂಬರ್ ಕಳೆಯುತ್ತಲೇ ಕಂಠಪಾಠಕ್ಕೆ ಮರಳುತ್ತದೆ ಎಂಬುದನ್ನು ಅವರು ಮೊದಲೇ ಅರಿತಿದ್ದರು.

ಐದನೆಯದು ಪುಸ್ತಕದ ಪರಿಷ್ಕರಣೆಯಲ್ಲಿ ಶಿಕ್ಷಕರ ಪಾತ್ರ. ತರಗತಿಯಲ್ಲಿ ನಡೆಯದ ಪ್ರಯೋಗವನ್ನು ಶಿಕ್ಷಕರ ಮಾತಿನ ಮೇಲೆ ತೆಗೆದುಹಾಕಿದರು, ಅರ್ಥವಾಗದ ವಾಕ್ಯವನ್ನು ತಿದ್ದಿದರು. ವರ್ಷಗಳು ಕಳೆದಂತೆ ಶಿಕ್ಷಕರಲ್ಲಿಯೇ ಅನೇಕರು ತರಬೇತುದಾರರಾದರು. ಮೊದಲ ವರ್ಷ ಪ್ರಾಧ್ಯಾಪಕರ ಎದುರು ಬಾಯಿ ತೆರೆಯಲು ಅಳುಕುತ್ತಿದ್ದ ಹಳ್ಳಿಯ ಶಿಕ್ಷಕ ವರ್ಗದಿಂದಲೇ ಬೇರೆ ಜಿಲ್ಲೆಗಳಿಗೆ ಹೋಗಿ ಕಲಿಸುವವರು ಹೊರಬಂದರು. ವೃತ್ತಿಯ ಬೆಳವಣಿಗೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಅರ್ಥ ಬೇಕಾಗಿಲ್ಲ.

ಮಕ್ಕಳಿಗಾಗಿ ಇನ್ನೊಂದು ಏರ್ಪಾಡಿತ್ತು. ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಅವರು ಯಾವ ಪ್ರಶ್ನೆಯನ್ನಾದರೂ ಬರೆದು ಕಳುಹಿಸಬಹುದಾಗಿತ್ತು. ತರಗತಿಯಲ್ಲಿ ಕೇಳಲು ಸಂಕೋಚಪಡುವ ಮಗುವಿಗೂ ಅಂಚೆಯಲ್ಲಿ ಉತ್ತರ ಬರುತ್ತಿತ್ತು.

ನಿಂತುಹೋದ ಕೆಲಸ

ಇಂತಹ ಕಾರ್ಯಕ್ರಮ ಏಕೆ ನಿಂತಿತು? ಈ ಪ್ರಶ್ನೆಯನ್ನು ಪಾಲಕರು ವಿಶೇಷವಾಗಿ ಕೇಳಿಕೊಳ್ಳಬೇಕು. ಇಲ್ಲಿ ಕಲಿತ ಮಕ್ಕಳು ಮುಂದೆ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬ ಆಕ್ಷೇಪ ಎದ್ದಿತು. ಕಾರ್ಯಕ್ರಮದ ಬೆಂಬಲಿಗರು ಅದನ್ನು ಒಪ್ಪಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಪಠ್ಯಪುಸ್ತಕ ಇರಬೇಕೆಂಬ ವಾದವೂ ಸೇರಿಕೊಂಡಿತು. ಜಿಲ್ಲೆಯ ಯೋಜನಾ ಸಮಿತಿಯಲ್ಲಿ ನಿಲ್ಲಿಸುವ ನಿರ್ಣಯವಾಯಿತು. 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ಮುಕ್ತಾಯಗೊಳಿಸಿತು. ದೇಶದ ಅನೇಕ ವಿಜ್ಞಾನಿಗಳು, ಶಿಕ್ಷಣ ತಜ್ಞರು ಪ್ರತಿಭಟಿಸಿದರೂ ಫಲವಾಗಲಿಲ್ಲ.

ಕಾರ್ಯಕ್ರಮ ನಿಂತರೂ ಅದರ ವಿಚಾರ ನಿಲ್ಲಲಿಲ್ಲ. ಮಕ್ಕಳು ತಮ್ಮ ಅನುಭವದಿಂದ ತಿಳಿವನ್ನು ಕಟ್ಟಿಕೊಳ್ಳುತ್ತಾರೆ, ಶಾಲೆಯ ಕಲಿಕೆ ಹೊರಗಿನ ಬದುಕಿಗೆ ಹೊಂದಿರಬೇಕು ಎಂಬ ತತ್ತ್ವವನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎತ್ತಿ ಹಿಡಿಯಿತು. ಅನಂತರದ ವಿಜ್ಞಾನ ಪುಸ್ತಕಗಳಲ್ಲಿ ಚಟುವಟಿಕೆಗಳು ತುಂಬಿಕೊಂಡವು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಚಟುವಟಿಕೆಗಳು ಪುಸ್ತಕದಲ್ಲಿ ಉಳಿದವು. ತಿಂಗಳ ಗೋಷ್ಠಿ, ನೆರವಿನ ಭೇಟಿ, ಶಿಕ್ಷಕರ ಮಾತಿಗೆ ಪುಸ್ತಕವನ್ನೇ ತಿದ್ದುವ ಮನಸ್ಸು ಎಲ್ಲ ಕಡೆಗೂ ಬರಲಿಲ್ಲ. ಹೀಗಾಗಿ ಶಿಕ್ಷಕರು ಒಂಟಿಯಾಗಿಯೇ ಉಳಿದರು. ಒಂಟಿಯಾದ ಶಿಕ್ಷಕರು ಚಟುವಟಿಕೆಯನ್ನು ಓದಿ ಹೇಳುತ್ತಾರೆ, ಅದರ ಉತ್ತರವನ್ನು ಬರೆಸುತ್ತಾರೆ.

ಮಲೆನಾಡಿನ ಶಾಲೆಗೆ ಇದು ಏಕೆ ಬೇಕು

ಕರ್ನಾಟಕದಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಯೋಜನೆ ಎಂಬ ಮಾತು ಹೊಸದಲ್ಲ. 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮೂಲಕ ಸಾವಿರಾರು ಮಕ್ಕಳು ಸ್ಥಳೀಯ ಸಮಸ್ಯೆಗಳ ಅಧ್ಯಯನಗಳನ್ನು ಒಯ್ದಿದ್ದಾರೆ. ಅದರಿಂದ ಒಳ್ಳೆಯ ಕೆಲಸಗಳು ಆಗಿವೆ. ಆದರೂ ಅನೇಕ ಕಡೆ ಯೋಜನೆಯೆಂದರೆ ಥರ್ಮೋಕೋಲಿನ ಮಾದರಿ, ಅಂಗಡಿಯಿಂದ ತಂದ ಚಾರ್ಟು, ಬಹುಮಾನದ ದಿನದವರೆಗಿನ ಸಡಗರ ಎಂಬಂತಾಗಿರುವುದೂ ನಿಜ. ಆ ಒಂದು ದಿನ ಮುಗಿಯುತ್ತಲೇ ಎಲ್ಲವೂ ಅಟ್ಟ ಸೇರುತ್ತದೆ.

ಮಲೆನಾಡಿನ ಮಕ್ಕಳ ಸುತ್ತ ನೀರಿದೆ, ಕಾಡಿದೆ, ತೋಟವಿದೆ. ಅವರ ಊರಿನ ಬಗ್ಗೆ ದೂರದ ಕಚೇರಿಗಳಲ್ಲಿ ವರದಿಗಳು ಸಿದ್ಧವಾಗುತ್ತವೆ. ಆ ವರದಿಯ ಅಂಕಿಯನ್ನು ಓದಿ ‘ಇದು ನಮ್ಮ ಊರಿನ ಅಳತೆಗೆ ಹೊಂದುವುದಿಲ್ಲ’ ಎನ್ನಲು ಊರಿನಲ್ಲಿ ಅಳತೆ ಇರಬೇಕು. ಅಳೆಯುವ ಅಭ್ಯಾಸ ಶಾಲೆಯಲ್ಲಿ ಆರಂಭವಾಗಬೇಕು. ಹೋಶಂಗಾಬಾದಿನ ಮಾದರಿಯಲ್ಲಿ ಇಲ್ಲಿ ಮಾಡಬಹುದಾದ ಮೂರು ಕೆಲಸಗಳನ್ನು ಇಲ್ಲಿ ಸೂಚಿಸಬಹುದು.

ಮೊದಲನೆಯದು ಮಳೆಯ ಲೆಕ್ಕ. ತಳ, ಬಾಯಿ ಒಂದೇ ಅಗಲವಿರುವ ಯಾವ ಪಾತ್ರೆಯಾದರೂ ಸಾಕು. ಮರದ ನೆರಳು, ಸೂರಿನ ಹನಿ ತಾಗದ ಬಯಲಿನಲ್ಲಿ ಅದನ್ನು ಇಟ್ಟು, ಹವಾಮಾನ ಇಲಾಖೆಯಂತೆ ದಿನವೂ ಬೆಳಗಿನ 8:30ಕ್ಕೆ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು, ಚೆಲ್ಲಿ ಮತ್ತೆ ಇಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಆಷಾಢದ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ ಒಂದು ಎಕರೆಗೆ ಸುಮಾರು 4 ಲಕ್ಷ ಲೀಟರ್ ನೀರು ಬಿದ್ದಂತಾಯಿತು. ಹಾಗಾದರೆ ಮಾರ್ಚ್ ತಿಂಗಳಲ್ಲಿ ಬಾವಿ ಏಕೆ ಬತ್ತುತ್ತದೆ ಎಂಬ ಪ್ರಶ್ನೆ ಆರನೆಯ ತರಗತಿಯ ಮಗುವಿನ ಬಾಯಿಂದ ತಾನಾಗಿಯೇ ಬರುತ್ತದೆ. ಆ ಪ್ರಶ್ನೆಯೇ ಎರಡನೆಯ ಕೆಲಸಕ್ಕೆ ದಾರಿ.

ಎರಡನೆಯದು ಮಣ್ಣು ನೀರನ್ನು ಕುಡಿಯುವ ವೇಗ. ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬವನ್ನು ಸೊಪ್ಪಿನ ಬೆಟ್ಟದ ನೆಲದಲ್ಲಿ, ಅಡಿಕೆ ತೋಟದಲ್ಲಿ, ಶಾಲೆಯ ಆಟದ ಬಯಲಿನಲ್ಲಿ ಎರಡು ಬೆರಳಿನಷ್ಟು ಆಳ ಊರಿ, ಅಳೆದ ಒಂದು ಲೀಟರ್ ನೀರನ್ನು ಹೊಯ್ದು, ಇಂಗಲು ತಗಲುವ ಸಮಯವನ್ನು ಬರೆದುಕೊಳ್ಳಬೇಕು. ಜೊತೆಗೆ ಆ ಮೂರೂ ಕಡೆಯ ಮಣ್ಣನ್ನು ಸೀಸೆಯಲ್ಲಿ ಮೂರನೆಯ ಒಂದು ಭಾಗದಷ್ಟು ತುಂಬಿ, ನೀರು ಹಾಕಿ ಕುಲುಕಿ ಇಡಬೇಕು. ಮರಳು ಕೂಡಲೇ ಕೆಳಗಿಳಿಯುತ್ತದೆ, ಅದಕ್ಕಿಂತ ನಯವಾದ ಕಣಗಳು ಕೆಲವು ಗಂಟೆಗಳಲ್ಲಿ, ಜೇಡಿ ಒಂದು ದಿನವಾದರೂ ತೇಲುತ್ತಲೇ ಇರುತ್ತದೆ. ತರಗೆಲೆಯ ಹೊದಿಕೆಯುಳ್ಳ ನೆಲದಲ್ಲಿ ನೀರು ಬೇಗ ಇಂಗುವುದೆಂದು ಪುಸ್ತಕ ಹೇಳುತ್ತದೆ. ಒಂದು ಗುಂಪಿನ ಮಕ್ಕಳಿಗೆ ಅದಕ್ಕೆ ವಿರುದ್ಧವಾದ ಫಲ ಬಂದರೆ ಶಿಕ್ಷಕರು ಏನು ಮಾಡಬೇಕು? ಅದನ್ನು ಅಳಿಸಬಾರದು. ಹಿಂದಿನ ದಿನ ಮಳೆ ಬಂದು ನೆಲ ಆಗಲೇ ನೆನೆದಿತ್ತೆ, ಡಬ್ಬದ ಅಂಚಿನಿಂದ ನೀರು ಸೋರಿತೆ, ದನಗಳು ಓಡಾಡುವ ಜಾಡಿನಲ್ಲಿ ಡಬ್ಬವನ್ನು ಊರಿದ್ದರೆ ಎಂದು ಕೇಳಿ, ಮತ್ತೆ ಅಳೆಯಲು ಹೇಳಬೇಕು. ಮೂರು ಬಾರಿ ಅಳೆದ ಅನಂತರವೇ ಮಾತನಾಡಬೇಕೆಂಬ ಶಿಸ್ತು ಮಕ್ಕಳಿಗೆ ಬರುತ್ತದೆ, ಶಿಕ್ಷಕರಿಗೂ ಬರುತ್ತದೆ.

ಮೂರನೆಯದು ಮೈಲುತುತ್ತದ ಪರೀಕ್ಷೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಗೆ ಶತಮಾನದ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಇದನ್ನು ಬಳಕೆಗೆ ತಂದರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕೆಂಬುದು ತೋಟದವರೆಲ್ಲರಿಗೂ ತಿಳಿದ ಮಾತು. ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದುತ್ತಾರೆ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಏಕೆ ಕೆಂಪಗಾಗುತ್ತದೆ? ಸುಣ್ಣದೊಡನೆ ಸೇರದೆ ಉಳಿದ ತುತ್ತದಿಂದ ಕಬ್ಬಿಣವು ತಾಮ್ರವನ್ನು ಹೊರದೂಡಿ ತಾನು ಕರಗುತ್ತದೆ, ಆ ತಾಮ್ರವೇ ಅಲಗಿನ ಮೇಲೆ ಕೂರುತ್ತದೆ. ಪಠ್ಯಪುಸ್ತಕದ ಸ್ಥಾನಪಲ್ಲಟ ಕ್ರಿಯೆ ಎಂಬ ಪಾಠ ತೋಟದ ಹಂಡೆಯಲ್ಲಿಯೇ ಇದೆ. ಮೈಲುತುತ್ತ ವಿಷವಾದುದರಿಂದ ಶಾಲೆಯಲ್ಲಿ ಒಂದು ಚಿಟಿಕೆಯಷ್ಟನ್ನು ಗಾಜಿನ ಲೋಟದಲ್ಲಿ ಶಿಕ್ಷಕರೇ ಕಲಸಿ, ಮೊಳೆಯೊಂದನ್ನು ಅದ್ದಿ ತೋರಿಸಬೇಕು; ಮಕ್ಕಳು ಕೈಯಲ್ಲಿ ಮುಟ್ಟಬಾರದು.

ಈ ಪಾಠದಲ್ಲಿ ಶಿಕ್ಷಕರು ಬೆಳೆಯುವ ಅವಕಾಶವೂ ಇದೆ. ಕೊಳೆರೋಗದ ಜೀವಿಯನ್ನು ಶಿಲೀಂಧ್ರವೆಂದು ಕರೆಯುವುದು ರೂಢಿ. ಫೈಟಾಫ್ತೊರಾ ಎಂಬ ಆ ಜೀವಿ ನಿಜವಾದ ಶಿಲೀಂಧ್ರಗಳ ಬಳಗದ್ದಲ್ಲ, ಕೆಲವು ಬಗೆಯ ಪಾಚಿಗಳಿಗೆ ಹತ್ತಿರದ ಬಂಧುವೆಂದು ಇಂದಿನ ಜೀವವಿಜ್ಞಾನ ಹೇಳುತ್ತದೆ. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಆದುದರಿಂದಲೇ ಬಿಡದೆ ಸುರಿಯುವ ಮಳೆಯಲ್ಲಿ ರೋಗ ಹಬ್ಬುತ್ತದೆ. ದಾಸವಾಳದ ರಸದಿಂದ ಹುಳಿಯನ್ನೂ ಕ್ಷಾರವನ್ನೂ ಗುರುತಿಸಬಹುದೆಂದು ಕಲಿತ ಮಗು ತೋಟದ ಮಣ್ಣಿನ ಹುಳಿಯನ್ನು ಅದರಿಂದಲೇ ಅಳೆಯಲು ಹೊರಟರೆ ಬಣ್ಣ ಸ್ಪಷ್ಟವಾಗಿ ಬದಲಾಗದು. ಮಲೆನಾಡಿನ ಮಣ್ಣು ಹುಳಿಯೇ ಆದರೂ ನಿಂಬೆರಸದಷ್ಟು ಹುಳಿಯಲ್ಲ. ಪ್ರತಿಯೊಂದು ಸಾಧನಕ್ಕೂ ಒಂದು ಮಿತಿ ಇರುತ್ತದೆ ಎಂಬ ಅರಿವು ಹೀಗೆ ಸಿಕ್ಕರೆ, ಅದು ನೂರು ಅಂಕದ ಉತ್ತರಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಊರು ಮಾಡಬಹುದಾದುದು

ಇಂತಹ ಕೆಲಸವನ್ನು ಶಿಕ್ಷಕರೊಬ್ಬರ ಉತ್ಸಾಹದ ಮೇಲೆ ಬಿಟ್ಟರೆ ಅದು ಅವರ ವರ್ಗಾವಣೆಯೊಡನೆ ಮುಗಿಯುತ್ತದೆ. ಮಲೆನಾಡಿನ ಸಣ್ಣ ಶಾಲೆಗಳಲ್ಲಿ ಒಬ್ಬಿಬ್ಬರು ಶಿಕ್ಷಕರು ಅನೇಕ ತರಗತಿಗಳನ್ನು ನೋಡಿಕೊಳ್ಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೂ ಹೋಗಬೇಕು. ಅವರಿಗೆ ಉಪದೇಶ ಬೇಕಾಗಿಲ್ಲ, ಜೊತೆಗಾರರು ಬೇಕು.

ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯ ಏರ್ಪಾಡು ಕರ್ನಾಟಕದಲ್ಲಿ ಇದ್ದೇ ಇದೆ. ಸುತ್ತೋಲೆಗಳನ್ನು ಓದುವುದಕ್ಕೇ ಅದು ಮುಗಿಯದೆ, ಒಂದು ಗಂಟೆಯನ್ನಾದರೂ ಮಕ್ಕಳ ಪ್ರಶ್ನೆಗಳಿಗೆ ಮೀಸಲಿಟ್ಟರೆ ಹೋಶಂಗಾಬಾದಿನ ಮಾಸಿಕ ಗೋಷ್ಠಿಯ ಜೀವ ಅದಕ್ಕೂ ಬರುತ್ತದೆ. ಸಮೀಪದ ಕಾಲೇಜಿನ ಅಧ್ಯಾಪಕರು, ಕೃಷಿ ಸಂಶೋಧನಾ ಕೇಂದ್ರದವರು, ಹೊಗೆಸೊಪ್ಪಿನ ಕಷಾಯದಿಂದ ಹಿಡಿದು ಬೋರ್ಡೋ ದ್ರಾವಣದವರೆಗೆ ಪ್ರಯೋಗ ಮಾಡಿದ ಹಿರಿಯ ರೈತರು ಆ ಸಭೆಗೆ ಬರಬಹುದು. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಗೋಡೆಗೆ ಬಣ್ಣ, ಛಾವಣಿಗೆ ಹೆಂಚು ಇವುಗಳ ಜೊತೆಗೆ ಈ ವರ್ಷ ಮಕ್ಕಳು ಏನನ್ನು ಅಳೆದರು ಎಂದು ಕೇಳುವ ಅಧಿಕಾರವೂ ಆ ಸಮಿತಿಗೆ ಇದೆ.

ಪ್ರಯೋಗ ಮಾಡುತ್ತಾ ಕುಳಿತರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬರುವುದೇ ಎಂಬ ಪಾಲಕರ ಆತಂಕವನ್ನು ಹಗುರವಾಗಿ ಕಾಣಬಾರದು. ಬೆಟ್ಟದ ಹಳ್ಳಿಯಿಂದ ಮಗುವನ್ನು ಓದಿಸುವವರಿಗೆ ಅಂಕವೆಂಬುದು ಬದುಕಿನ ಪ್ರಶ್ನೆ. ಹೋಶಂಗಾಬಾದಿನ ಮೂವತ್ತು ವರ್ಷಗಳ ಕೆಲಸ ಮುಗಿದುದು ಈ ಆತಂಕದ ಹೆಸರಿನಲ್ಲಿಯೇ. ಆದುದರಿಂದ ಶಿಕ್ಷಕರು ಪ್ರತಿ ವರ್ಷ ಪಾಲಕರನ್ನು ಕರೆದು, ಮಕ್ಕಳ ಟಿಪ್ಪಣಿ ಪುಸ್ತಕಗಳನ್ನು ಅವರ ಕೈಯಲ್ಲಿಟ್ಟು, ಯಾವ ಪ್ರಯೋಗ ಯಾವ ಪಾಠಕ್ಕೆ ಸಂಬಂಧಿಸಿದ್ದು ಎಂದು ತೋರಿಸಬೇಕು. ಸ್ಥಾನಪಲ್ಲಟ ಕ್ರಿಯೆಯನ್ನು ಕಣ್ಣಾರೆ ಕಂಡ ಮಗು ಅದರ ಸಮೀಕರಣವನ್ನು ಮರೆಯುವ ಸಂಭವ ಕಡಿಮೆ ಎಂದು ಪಾಲಕರಿಗೇ ಮನವರಿಕೆಯಾಗಬೇಕು. ಊರಿನ ಒಪ್ಪಿಗೆ ಇಲ್ಲದ ಸುಧಾರಣೆ ಒಂದು ಆದೇಶದಿಂದ ನಿಂತುಬಿಡುತ್ತದೆ. ಊರು ತನ್ನದೆಂದು ತಿಳಿದ ಕೆಲಸವನ್ನು ನಿಲ್ಲಿಸುವ ಮೊದಲು ಊರಿಗೆ ಉತ್ತರ ಹೇಳಬೇಕಾಗುತ್ತದೆ.

ವಿದ್ಯಾರ್ಥಿಗಳಿಗೆ ಕಡೆಯದಾಗಿ ಒಂದು ಮಾತು. ಈ ಮಳೆಗಾಲದಿಂದಲೇ ಶಾಲೆಯಲ್ಲಿ ಒಂದು ದಪ್ಪ ರಿಜಿಸ್ಟರನ್ನು ತೆರೆಯಿರಿ. ಮಳೆಯ ಅಳತೆ, ಬಾವಿಯ ನೀರಿನ ಮಟ್ಟ, ಹಳ್ಳ ಬತ್ತಿದ ದಿನ, ಮಾವು ಮತ್ತು ಹಲಸು ಹೂ ಬಿಟ್ಟ ದಿನ, ತೋಟದಲ್ಲಿ ಕೊಳೆ ಮೊದಲು ಕಂಡ ದಿನ ಇವನ್ನು ಬರೆದು ಕೆಳಗೆ ಅಳೆದವರ ಹೆಸರು ಹಾಕಿರಿ. ಏಳನೆಯ ತರಗತಿ ಮುಗಿಸಿ ಹೋಗುವಾಗ ಅದನ್ನು ಆರನೆಯವರಿಗೆ ಒಪ್ಪಿಸಿರಿ. ಶಿಕ್ಷಕರಿಗೆ ವರ್ಗವಾದರೆ ಹೊಸದಾಗಿ ಬಂದವರಿಗೆ ಮೊದಲ ದಿನವೇ ಅದನ್ನು ತೋರಿಸಿರಿ. ಹತ್ತು ವರ್ಷ ತುಂಬಿದ ಅಂತಹ ಒಂದು ಪುಸ್ತಕ ಊರಿನ ಪಂಚಾಯಿತಿಗೂ, ಸಂಶೋಧಕರಿಗೂ ಬೇಕಾದ ದಾಖಲೆಯಾಗುತ್ತದೆ. ಅದರ ಪುಟಗಳಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಮಲೆನಾಡಿನ ಶಿಕ್ಷಕರೂ ಬೆಳೆಯಲಿ ಎಂಬ ಆಶಯದೊಂದಿಗೆ ಈ ಮಾತುಗಳನ್ನು ಮುಗಿಸಲಾಗಿದೆ.